ಕಾರಿನ ಮುಂಭಾಗದ ಗಾಜಿಗೆ ಹಾನಿಯಾದಲ್ಲಿ ವಿಮಾ ಪರಿಹಾರ ಮತ್ತು ಸಮರ್ಪಕ ದುರಸ್ತಿ: ಸಾರ್ವಜನಿಕರಿಗೆ ಮಾಹಿತಿ

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು ಹಾಗೂ ನೆರೆಯ ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ ತಾಲ್ಲೂಕುಗಳ ರಸ್ತೆಗಳಲ್ಲಿ ಜಲ್ಲಿ ಸಾಗಿಸುವ ಲಾರಿಗಳೂ, ಮಾಕವಳ್ಳಿ ಮತ್ತು ಪಾಂಡವಪುರದ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಒಯ್ಯುವ ಟ್ರ್ಯಾಕ್ಟರುಗಳೂ ಸಂಚರಿಸುತ್ತವೆ. ಇಂತಹ ವಾಹನಗಳ ಚಕ್ರದಿಂದ ಸಿಡಿದ ಕಲ್ಲು ಹಿಂದೆ ಬರುವ ಕಾರಿನ ಗಾಜಿಗೆ ತಗುಲಿ ಬಿರುಕು ಉಂಟಾಗುವುದುಂಟು. ಈ ಸಂದರ್ಭದಲ್ಲಿ ಕೂಡಲೇ ವಿಮಾ ಪರಿಹಾರಕ್ಕೆ ಅರ್ಜಿ ಸಲ್ಲಿಸುವುದು ಎಲ್ಲರಿಗೂ ಲಾಭದಾಯಕವಲ್ಲ. ಆದುದರಿಂದ ವಾಹನ ಮಾಲೀಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

1. ಯಾವ ಪಾಲಿಸಿಯಲ್ಲಿ ಪರಿಹಾರ ದೊರೆಯುತ್ತದೆ?

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 146ರಂತೆ ಕಡ್ಡಾಯವಾಗಿರುವುದು ಮೂರನೇ ವ್ಯಕ್ತಿ ವಿಮೆ ಮಾತ್ರ. ಈ ವಿಮೆಯಲ್ಲಿ ಮಾಲೀಕರ ಸ್ವಂತ ಕಾರಿನ ಗಾಜಿಗೆ ಪರಿಹಾರವಿರುವುದಿಲ್ಲ. ಸಮಗ್ರ ಪಾಲಿಸಿ ಅಥವಾ ಸ್ವಂತ ಹಾನಿ ಪಾಲಿಸಿ ಹೊಂದಿರುವವರು ಮಾತ್ರ ಪರಿಹಾರ ಕೋರಬಹುದು.

ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ. 50ರಷ್ಟು ಸವಕಳಿ ಕಡಿತವಾದರೂ, ಗಾಜಿನ ಭಾಗಗಳಿಗೆ ಸಾಮಾನ್ಯ ಪಾಲಿಸಿ ನಿಯಮಗಳಂತೆ ಸವಕಳಿ ಇರುವುದಿಲ್ಲ. ಆದರೆ ಪ್ರತಿ ಕ್ಲೇಮಿನಲ್ಲಿ ಕಡ್ಡಾಯ ಕಡಿತದ ಮೊತ್ತವನ್ನು ಮಾಲೀಕರೇ ಭರಿಸಬೇಕು. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಇದು ಸಾಮಾನ್ಯವಾಗಿ 1,500 ಸಿ.ಸಿ.ವರೆಗೆ ರೂ. 1,000 ಹಾಗೂ ಅದಕ್ಕೂ ಮೇಲ್ಪಟ್ಟಲ್ಲಿ ರೂ. 2,000 ಆಗಿರುತ್ತದೆ. ಗಾಜು ಕೂರಿಸಲು ಬಳಸುವ ಅಂಟಿನ ವೆಚ್ಚ ಪಾಲಿಸಿಯಲ್ಲಿ ಸೇರಿದೆಯೇ ಎಂಬುದನ್ನು ಮುಂಚಿತವಾಗಿ ಕೇಳಿ ತಿಳಿಯಬೇಕು.

2. ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕುವುದು

ಕ್ಲೇಮ್ ಇಲ್ಲದ ವರ್ಷಗಳಿಗೆ ಸ್ವಂತ ಹಾನಿ ಪ್ರೀಮಿಯಂನಲ್ಲಿ ಕ್ರಮವಾಗಿ ಶೇ. 20, 25, 35, 45 ಮತ್ತು 50ರ ರಿಯಾಯಿತಿ (ನೋ ಕ್ಲೇಮ್ ಬೋನಸ್) ದೊರೆಯುತ್ತದೆ. ಒಂದು ಕ್ಲೇಮ್ ಪಡೆದಲ್ಲಿ ಮುಂದಿನ ನವೀಕರಣದಲ್ಲಿ ಈ ರಿಯಾಯಿತಿ ಸಾಮಾನ್ಯವಾಗಿ ಶೂನ್ಯಕ್ಕೆ ಇಳಿಯುತ್ತದೆ.

ಉದಾಹರಣೆ: ರಿಯಾಯಿತಿಗೆ ಮುನ್ನ ಸ್ವಂತ ಹಾನಿ ಪ್ರೀಮಿಯಂ ರೂ. 8,000 ಇದ್ದು, ಮಾಲೀಕರು ಈಗ ಶೇ. 35ರ ರಿಯಾಯಿತಿ ಪಡೆಯುತ್ತಿದ್ದಾರೆಂದು ಭಾವಿಸೋಣ. ಗಾಜು ಬದಲಾವಣೆಯ ಬಿಲ್ಲು ರೂ. 9,000.

ಕ್ಲೇಮ್ ಮಾಡದಿದ್ದಲ್ಲಿ ಮುಂದಿನ ಐದು ವರ್ಷಗಳ ರಿಯಾಯಿತಿ: ಶೇ. 45, 50, 50, 50, 50.
ಕ್ಲೇಮ್ ಮಾಡಿದಲ್ಲಿ: ಶೇ. 0, 20, 25, 35, 45.

ಎರಡರ ನಡುವಿನ ಒಟ್ಟು ವ್ಯತ್ಯಾಸ ಒಂದು ವರ್ಷದ ಪ್ರೀಮಿಯಂನ ಶೇ. 120, ಅಂದರೆ ರೂ. 9,600. ವಿಮಾ ಕಂಪನಿಯಿಂದ ದೊರೆಯುವುದು ಹೆಚ್ಚೆಂದರೆ ರೂ. 8,000. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ನಷ್ಟವು ಇದಕ್ಕಿಂತ ಸ್ವಲ್ಪ ಕಡಿಮೆಯಾಗಬಹುದು. ಆದರೂ ಕ್ಲೇಮಿನಿಂದ ಲಾಭವಿಲ್ಲವೆಂಬುದು ಸ್ಪಷ್ಟ. ಬಿಲ್ಲು ರೂ. 25,000 ಇದ್ದಲ್ಲಿ ಅಥವಾ ಬೋನಸ್ ಇನ್ನೂ ಆರಂಭವಾಗದಿದ್ದಲ್ಲಿ ಕ್ಲೇಮ್ ಮಾಡುವುದೇ ಉತ್ತಮ. ಬೋನಸ್ ರಕ್ಷಣೆಯ ಹೆಚ್ಚುವರಿ ಸೌಲಭ್ಯ ಪಡೆದಿರುವವರು ಪಾಲಿಸಿಯ ಷರತ್ತುಗಳನ್ನು ಪರಿಶೀಲಿಸಬೇಕು.

3. ಕ್ಲೇಮ್ ಸಲ್ಲಿಸುವ ವಿಧಾನ

(ಅ) ಹಾನಿಯ ಛಾಯಾಚಿತ್ರಗಳನ್ನು ನೋಂದಣಿ ಸಂಖ್ಯೆಯೂ ಕಾಣುವಂತೆ ತೆಗೆಯುವುದು. ಸ್ಥಳ, ದಿನಾಂಕ, ವೇಳೆ ಗುರುತಿಸಿಕೊಳ್ಳುವುದು.
(ಆ) ವಿಮಾ ಕಂಪನಿಗೆ ಕೂಡಲೇ ತಿಳಿಸಿ ಕ್ಲೇಮ್ ಸಂಖ್ಯೆ ಪಡೆಯುವುದು.
(ಇ) ಕಂಪನಿಯ ಪರಿಶೀಲನೆ ಮುಗಿದು ಒಪ್ಪಿಗೆ ದೊರೆಯುವವರೆಗೆ ಗಾಜನ್ನು ಬದಲಾಯಿಸದಿರುವುದು. ಸಣ್ಣ ನಷ್ಟಗಳಲ್ಲಿ ಕಂಪನಿಯು ಛಾಯಾಚಿತ್ರಗಳ ಆಧಾರದ ಮೇಲೆಯೇ ತೀರ್ಮಾನಿಸಬಹುದು.
(ಈ) ಪಾಲಿಸಿ, ನೋಂದಣಿ ಪ್ರಮಾಣಪತ್ರ, ಚಾಲಕರ ಚಾಲನಾ ಪರವಾನಗಿ, ಕ್ಲೇಮ್ ನಮೂನೆ ಹಾಗೂ ದುರಸ್ತಿಯ ಅಂದಾಜು ಪಟ್ಟಿ ಸಲ್ಲಿಸುವುದು.

ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜಿನಲ್ಲಿ ನಗದುರಹಿತ ಸೌಲಭ್ಯವಿರುತ್ತದೆ. ಅಂತಹ ಗ್ಯಾರೇಜು ಕೆ.ಆರ್. ಪೇಟೆಯಲ್ಲಿ ಇಲ್ಲದಿದ್ದಲ್ಲಿ ಮಂಡ್ಯ ಅಥವಾ ಮೈಸೂರಿನಲ್ಲಿ ವಿಚಾರಿಸಬಹುದು. ಬೇರೆ ಗ್ಯಾರೇಜಿನಲ್ಲಿ ಮಾಡಿಸುವವರು ಕಂಪನಿಯ ಪೂರ್ವಾನುಮತಿ ಪಡೆದು, ಮೂಲ ಬಿಲ್ಲು ಮತ್ತು ರಸೀದಿಯನ್ನು ಇಟ್ಟುಕೊಳ್ಳತಕ್ಕದ್ದು. ಚಾಲಕರ ನೋಟಕ್ಕೆ ಬಿರುಕು ಅಡ್ಡವಾಗಿದ್ದಲ್ಲಿ ವಾಹನವನ್ನು ಚಲಾಯಿಸದೆ ಎಳೆದೊಯ್ಯುವ ವ್ಯವಸ್ಥೆ ಮಾಡಬೇಕು.

4. ದುರಸ್ತಿಯ ಗುಣಮಟ್ಟ

ಮುಂಭಾಗದ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜಾಗಿರುತ್ತದೆ. ಆದುದರಿಂದ ಒಡೆದರೂ ಚೂರುಗಳು ಉದುರುವುದಿಲ್ಲ. ಅಪಘಾತದಲ್ಲಿ ಕಾರಿನ ಛಾವಣಿಗೆ ಹಾಗೂ ಉಬ್ಬುವ ಏರ್‌ಬ್ಯಾಗಿಗೆ ಈ ಗಾಜು ಆಧಾರವಾಗುತ್ತದೆ. ಸರಿಯಾಗಿ ಅಂಟಿಸದ ಗಾಜು ಆ ಕ್ಷಣದಲ್ಲಿ ಕಿತ್ತು ಬರಬಹುದು.

ನಾಣ್ಯದ ಗಾತ್ರದ ಸಣ್ಣ ಗಾಯವು ಅಂಚಿನಲ್ಲಾಗಲೀ ಚಾಲಕರ ನೇರ ನೋಟದಲ್ಲಾಗಲೀ ಇಲ್ಲದಿದ್ದಲ್ಲಿ, ರಾಳ ತುಂಬಿ ಸರಿಪಡಿಸಬಹುದು. ಇದು ಹೊಸ ಗಾಜಿಗಿಂತ ಬಹಳ ಅಗ್ಗ. ವಿಳಂಬವಾದಲ್ಲಿ ಧೂಳು, ನೀರು ಸೇರಿ, ಬಿಸಿಲು ಹಾಗೂ ರಸ್ತೆ ಉಬ್ಬುಗಳಿಂದ ಬಿರುಕು ಹರಡುತ್ತದೆ.

ಹೊಸ ಗಾಜು ಹಾಕಿಸುವಾಗ:

(ಅ) ಗಾಜಿನ ಮೇಲೆ ಐ.ಎಸ್. 2553 (ಭಾಗ 2) ಗುರುತು ಪರಿಶೀಲಿಸುವುದು. ಮುಂಭಾಗದ ಗಾಜಿನ ಮೂಲಕ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು.
(ಆ) ಹಳೆಯ ಅಂಟನ್ನು ಕೆತ್ತುವಾಗ ಚೌಕಟ್ಟಿನ ಬಣ್ಣ ಹೋದಲ್ಲಿ ತುಕ್ಕು ನಿರೋಧಕ ಬಳಿಸುವುದು.
(ಇ) ಅಂಟು ಒಣಗಲು ಬೇಕಾದ ಸಮಯವನ್ನು ಬಿಲ್ಲಿನಲ್ಲಿ ಬರೆಸಿಕೊಂಡು, ಅದುವರೆಗೆ ವಾಹನ ಚಲಾಯಿಸದಿರುವುದು.
(ಈ) ಕಾರನ್ನು ಪಡೆಯುವ ಮುನ್ನ ನೀರು ಸೋರಿಕೆ ಹಾಗೂ ವೈಪರ್ ಪರೀಕ್ಷಿಸುವುದು. ಗಾಜಿನ ಹಿಂದೆ ಚಾಲನಾ ನೆರವಿನ ಕ್ಯಾಮೆರಾ ಇರುವ ಕಾರುಗಳಲ್ಲಿ ಅದನ್ನು ಮರುಹೊಂದಿಸಿ ಕೊಡುವಂತೆ ಕೇಳುವುದು.

5. ಗಾಜಿನ ಮೇಲಿನ ಗುರುತುಗಳು

ಕಿತ್ತ ಫಾಸ್ಟ್ಯಾಗ್ ಮತ್ತೆ ಬಳಕೆಗೆ ಬರುವುದಿಲ್ಲ. ನೀಡಿದ ಬ್ಯಾಂಕಿನಿಂದ ಬದಲಿ ಟ್ಯಾಗ್ ಪಡೆಯತಕ್ಕದ್ದು. ಅತಿ ಸುರಕ್ಷಿತ ನೋಂದಣಿ ಫಲಕದೊಂದಿಗೆ ಗಾಜಿನ ಒಳಭಾಗಕ್ಕೆ ಅಂಟಿಸಿರುವ ಸ್ಟಿಕ್ಕರನ್ನು ಸಹ ಅಧಿಕೃತ ಮಾರಾಟಗಾರರಿಂದ ಹೊಸದಾಗಿ ಪಡೆಯಬೇಕು.

6. ಪರಿಹಾರ ನಿರಾಕರಿಸಿದಲ್ಲಿ

ಮೊದಲು ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಬಿಮಾ ಭರೋಸಾ ವ್ಯವಸ್ಥೆಯಲ್ಲಿ ಅಥವಾ 155255 ದೂರವಾಣಿಯಲ್ಲಿಯೂ ದೂರು ದಾಖಲಿಸಬಹುದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಾಗಿರದಿದ್ದಲ್ಲಿ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅವಶ್ಯಕತೆಯೂ ಇಲ್ಲ. ಗ್ಯಾರೇಜಿನ ಕೆಲಸ ಕಳಪೆಯಾಗಿದ್ದಲ್ಲಿ ಮಂಡ್ಯದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವನ್ನು ಸಂಪರ್ಕಿಸಬಹುದು. ಎರಡೂ ಕಡೆ ದೂರಿಗೆ ಆಧಾರವಾಗುವುದು ಬಿಲ್ಲು, ಛಾಯಾಚಿತ್ರ ಮತ್ತು ಲಿಖಿತ ಪತ್ರವ್ಯವಹಾರವಾದ್ದರಿಂದ ಅವನ್ನು ಜೋಪಾನವಾಗಿ ಇಟ್ಟುಕೊಳ್ಳಲು ಕೋರಲಾಗಿದೆ.