ಸತುವಿನ ಪೀಠದಲ್ಲಿ ಸೀಸ

ನಾವು ಬಿಡುವ ಪ್ರತಿಯೊಂದು ನಿಶ್ವಾಸದಲ್ಲಿಯೂ ಇಂಗಾಲಾಮ್ಲವಾಯುವು ಹೊರಬೀಳುತ್ತದೆಂಬುದು ಶಾಲಾಬಾಲಕರಿಗೂ ವಿದಿತವೇ ಆಗಿದೆ. ಅಂಗಾಂಗಗಳಲ್ಲಿ ಹುಟ್ಟಿದ ಆ ವಾಯುವಿನ ಬಹುಭಾಗವು ರಕ್ತದಲ್ಲಿ ಬೈಕಾರ್ಬೊನೇಟ್ ಎಂಬ ರೂಪವನ್ನು ತಾಳಿ ಬಂದು, ಶ್ವಾಸಕೋಶದಲ್ಲಿ ಪುನಃ ವಾಯುವಾಗುತ್ತದೆ. ಈ ಮಾರ್ಪಾಡು ತಾನಾಗಿ ನಡೆಯಬೇಕಾದರೆ ಬಹಳ ನಿಧಾನ; ರಕ್ತವಾದರೋ ಶ್ವಾಸಕೋಶದ ಸೂಕ್ಷ್ಮನಾಳಗಳಲ್ಲಿ ಒಂದು ಸೆಕೆಂಡೂ ನಿಲ್ಲದು. ಅದನ್ನು ತ್ವರೆಗೊಳಿಸುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ಕೇಂಬ್ರಿಜ್ಜಿನ ಮೆಲ್ಡ್ರಮ್, ರೌಟನ್ ಎಂಬವರು 1933ರಲ್ಲಿ ವರ್ಣಿಸಿದರು. ಅದರಲ್ಲಿ ಸತುವಿರುವುದನ್ನು ಅದೇ ಊರಿನ ಕೈಲಿನ್ ಮತ್ತು ಮನ್ 1940ರಲ್ಲಿ ವಿವರಿಸಿದರು.

ಕಿಣ್ವವೆಂಬುದು ಮಡಿಚಿಕೊಂಡಿರುವ ಪ್ರೋಟೀನಿನ ಸರಪಣಿ. ಸುಮಾರು 260 ಕೊಂಡಿಗಳ ಈ ಸರಪಣಿಯಲ್ಲಿ ಹಿಸ್ಟಿಡೀನ್ ಎಂಬ ಮೂರು ಕೊಂಡಿಗಳು ಒಂದು ಕುಳಿಯ ತಳದಲ್ಲಿ ಕೂಡಿ, ಒಂದೇ ಒಂದು ಸತುವಿನ ಪರಮಾಣುವನ್ನು ಹಿಡಿದಿರುತ್ತವೆ. ನಾಲ್ಕನೆಯ ಕಡೆಗೆ ನೀರಿನ ಅಣುವೊಂದು ಅಂಟಿರುತ್ತದೆ. ಸತುವಿನ ಸೆಳೆತದಿಂದ ಆ ನೀರು ಒಂದು ಪ್ರೋಟಾನನ್ನು ಕಳೆದುಕೊಂಡು ಚುರುಕಾಗಿ, ಸಮೀಪಕ್ಕೆ ಬಂದ ವಾಯುವಿನ ಅಣುವನ್ನು ಕೂಡಿಕೊಳ್ಳುತ್ತದೆ. ಒಂದು ಕಿಣ್ವಾಣುವು ಸೆಕೆಂಡಿಗೆ ಸುಮಾರು 10 ಲಕ್ಷ ಅಣುಗಳನ್ನು ಹೀಗೆ ಮಾರ್ಪಡಿಸಬಲ್ಲದು! ಸತುವನ್ನು ಮಾತ್ರ ತೆಗೆದರೆ ಸರಪಣಿಯ ಮಡಿಕೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ, ಕೆಲಸ ನಿಲ್ಲುತ್ತದೆ. ಮರಳಿ ಇಟ್ಟರೆ ಕೆಲಸವೂ ಮರಳುತ್ತದೆ.

ವ್ಯಾಕರಣದಲ್ಲಿ ಒಂದರ ಸ್ಥಾನಕ್ಕೆ ಬಂದ ಆದೇಶವು ಸಾಮಾನ್ಯವಾಗಿ ಮೊದಲಿನದರ ಧರ್ಮವನ್ನೇ ಪಡೆಯುತ್ತದೆ. (ಮೂವತ್ತು ವರ್ಷ ಇದನ್ನೇ ಪಾಠ ಹೇಳಿದವನಿಗೆ ಬೇರೆ ದೃಷ್ಟಾಂತ ಹೊಳೆಯುವುದಾದರೂ ಹೇಗೆ?) ಈ ಕಿಣ್ವದಲ್ಲಿ ಸತುವಿನ ಬದಲು ಕೋಬಾಲ್ಟನ್ನು ಕೂರಿಸಿದರೆ ಹಾಗೆಯೇ ಕೆಲಸ ಸಾಗುತ್ತದೆ. ಆದರೆ ಎಲ್ಲ ಲೋಹಕ್ಕೂ ಈ ನ್ಯಾಯ ಸಲ್ಲದು.

ರಕ್ತಕ್ಕೆ ಕೆಂಪನ್ನು ಕೊಡುವ ಹೀಮ್ ಎಂಬ ದ್ರವ್ಯವನ್ನು ಕಟ್ಟುವ ಕಿಣ್ವಗಳಲ್ಲಿಯೂ ಒಂದಕ್ಕೆ ಸತು ಬೇಕು. ಅಲ್ಲಿ ಸತುವನ್ನು ಹಿಡಿದಿರುವುದು ಗಂಧಕವುಳ್ಳ ಮೂರು ಕೊಂಡಿಗಳು. ಸೀಸಕ್ಕೆ ಗಂಧಕವೆಂದರೆ ಬಲು ನಂಟು. ದೇಹವನ್ನು ಹೊಕ್ಕ ಸೀಸವು ಸತುವನ್ನು ತಳ್ಳಿ ಆ ಪೀಠವನ್ನೇರುತ್ತದೆ, ಏರಿ ಸುಮ್ಮನೆ ಕುಳಿತುಬಿಡುತ್ತದೆ. ಹೀಮಿನ ಉತ್ಪತ್ತಿ ಕುಂಠಿತವಾಗಿ ರಕ್ತಹೀನತೆ ಬರುತ್ತದೆ. ಎಳೆಯ ಮಕ್ಕಳ ಮಿದುಳಿಗೆ ಸೀಸವು ಮಾಡುವ ಕೇಡಿಗೆ ಬೇರೆ ದಾರಿಗಳೂ ಉಂಟು.

ನಮ್ಮ ದೇಶದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದು 2000ದಲ್ಲಿ ನಿಂತಿತು. ಅಡಿಗೆಮನೆಯ ಬಾಗಿಲು ಮಾತ್ರ ಇನ್ನೂ ತೆರೆದೇ ಇದೆ. ಹಿತ್ತಾಳೆಯ ಪಾತ್ರೆಯ ಕಲಾಯಿಗೆ ಶುದ್ಧ ತವರವೇ ಬೇಕು. ಅಗ್ಗವೆಂದು ಸೀಸ ಬೆರೆತಿದ್ದರೆ ಹುಣಿಸೆಯ ಹುಳಿ ಅದನ್ನು ಸಾರಿಗೆ ಎಳೆದುಕೊಳ್ಳುತ್ತದೆ. ಕಣ್ಣಿಗೆ ಎರಡು ಕಲಾಯಿಗಳೂ ಬೆಳ್ಳಗೇ ಹೊಳೆಯುತ್ತವೆ. ಆದುದರಿಂದ ನಾನು ಈಚೆಗೆ ನಂಬಿಕೆಯ ಅಂಗಡಿಯಿಂದ ತವರವನ್ನು ತಂದು ನಾನೇ ಕಲಾಯಿಯವನ ಕೈಗೆ ಕೊಡುತ್ತೇನೆ. ಅವನು ನಗುತ್ತಾನೆ, ಆದರೂ ಅದನ್ನೇ ಹಾಕುತ್ತಾನೆ.