ಅಮೆರಿಕಕ್ಕೆ ಹೊರಟವರಿಗೆ ಕಾರಿನ ನಾಡಿನ ಪರಿಚಯ



ಶಿವಮೊಗ್ಗದ ವಿನೋಬನಗರದಲ್ಲೋ ಭದ್ರಾವತಿಯ ನ್ಯೂಟೌನಿನಲ್ಲೋ ಇರುವ ನಿಮಗೆ ಅಮೆರಿಕದಿಂದ ಮಗನೋ ಮಗಳೋ ಫೋನ್ ಮಾಡಿ, "ಐದಾರು ತಿಂಗಳು ಇದ್ದು ಹೋಗುವಿರಂತೆ, ಬನ್ನಿ" ಎಂದಿದ್ದಾರೆ. ಪಾಸ್‌ಪೋರ್ಟ್, ವೀಸಾ ಆಯಿತು. ಚಟ್ನಿಪುಡಿ, ಹಪ್ಪಳ, ಮಾತ್ರೆಗಳ ಗಂಟೂ ಸಿದ್ಧವಾಯಿತು. ಆದರೆ ಅಲ್ಲಿ ನಿಮ್ಮ ದಿನಚರಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಆಳುವ ಒಂದು ವಸ್ತುವಿನ ಬಗ್ಗೆ ಬಹುಶಃ ಯಾರೂ ನಿಮಗೆ ಹೇಳಿರುವುದಿಲ್ಲ. ಅದು ಕಾರು.

"ಕಾರು ನಮಗೇನು ಹೊಸದೇ?" ಎಂದು ನೀವು ಕೇಳಬಹುದು. ನಮ್ಮಲ್ಲಿ ಕಾರು ಒಂದು ಅನುಕೂಲ. ಅಲ್ಲಿನ ಬಹುಪಾಲು ಊರುಗಳಲ್ಲಿ ಅದೇ ಮನುಷ್ಯನ ಕಾಲು. ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಬಿ.ಎಚ್. ರಸ್ತೆಯಲ್ಲಿ ನಿಂತರೆ ಬಸ್ಸು ಸಿಗುತ್ತದೆ, ಇಳಿದರೆ ಆಟೋ ಇದೆ. ಹಾಲು, ಹೂವು, ಔಷಧಿ ನಡಿಗೆಯ ದೂರದಲ್ಲೇ ಇವೆ. ಅಮೆರಿಕದ ಅನೇಕ ಬಡಾವಣೆಗಳಲ್ಲಿ ಬಸ್ಸೂ ಇಲ್ಲ, ಆಟೋವೂ ಇಲ್ಲ, ಮೂಲೆಯ ಅಂಗಡಿಯೂ ಇಲ್ಲ. ಎಷ್ಟೋ ಕಡೆ ರಸ್ತೆಯ ಬದಿಯಲ್ಲಿ ನಡೆಯುವ ದಾರಿಯೇ ಇರುವುದಿಲ್ಲ. ಮಕ್ಕಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೂ ನೀವು ಮನೆಯೊಳಗೆ. "ಊಟಕ್ಕೆ ಕೊರತೆ ಇರಲಿಲ್ಲ, ಆದರೆ ಕಾಲು ಕಟ್ಟಿಹಾಕಿದಂತಾಯಿತು" ಎಂಬ ಮಾತನ್ನು ಹೋಗಿಬಂದ ಹಿರಿಯರ ಬಾಯಲ್ಲಿ ಆಗಾಗ ಕೇಳುತ್ತೇವೆ.

ಹೀಗೇಕೆ? ದೇಶ ವಿಶಾಲವಾಗಿದೆ ಎಂಬುದು ಅರ್ಧ ಉತ್ತರ. ಉಳಿದರ್ಧಕ್ಕೆ ಸ್ವಲ್ಪ ಇತಿಹಾಸವನ್ನು ನೋಡಬೇಕು.

ದುಡಿಯುವವನ ಕೈಗೆ ಬಂದ ಕಾರು

ಆರಂಭದಲ್ಲಿ ಅಮೆರಿಕದಲ್ಲಿಯೂ ಕಾರು ಶ್ರೀಮಂತರ ಆಟಿಕೆಯಾಗಿತ್ತು. 1908ರಲ್ಲಿ ಡೆಟ್ರಾಯಿಟ್ ನಗರದ ಹೆನ್ರಿ ಫೋರ್ಡ್ 'ಮಾಡೆಲ್ ಟಿ' ಎಂಬ ಕಾರನ್ನು ಹೊರತಂದರು. ಆಗ ಅದರ ಬೆಲೆ 850 ಡಾಲರ್. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಹೊಸ ಪದ್ಧತಿಯೊಂದು ಬಂತು. ಕೆಲಸಗಾರ ಕಾರಿನ ಬಳಿ ಹೋಗುವ ಬದಲು, ಸಾಗುವ ಸಾಲಿನಲ್ಲಿ ಕಾರೇ ಅವನ ಬಳಿ ಬರತೊಡಗಿತು. ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. 1914ರಲ್ಲಿ ಫೋರ್ಡ್ ದಿನಕ್ಕೆ 5 ಡಾಲರ್ ಸಂಬಳವನ್ನು ಘೋಷಿಸಿದರು. 1925ರ ಹೊತ್ತಿಗೆ ಕಾರಿನ ಬೆಲೆ 300 ಡಾಲರಿಗಿಂತಲೂ ಕೆಳಗಿಳಿದಿತ್ತು. ಹೀಗೆ ಕಾರು ತಯಾರಿಸುವವನೇ ಕಾರು ಕೊಳ್ಳುವಂತಾಯಿತು. 1927ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳು ಹೊರಬಂದಿದ್ದವು.

ಈ ಬೆಳವಣಿಗೆಯನ್ನು ಕಣ್ಣಾರೆ ಕಂಡವರಲ್ಲಿ ಭದ್ರಾವತಿಗೆ ಬಹಳ ಬೇಕಾದವರೊಬ್ಬರಿದ್ದರು. ಅವರೇ ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ದಿವಾನರಾಗಿದ್ದ 1918ರಲ್ಲಿ ಅಂದಿನ ಬೆಂಕಿಪುರದಲ್ಲಿ, ಅಂದರೆ ಇಂದಿನ ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಯಿತು. 1923ರಲ್ಲಿ ಇದ್ದಿಲಿನ ಊದುಕುಲುಮೆ ಉರಿಯತೊಡಗಿತು. 1935ರಲ್ಲಿ ಯುರೋಪ್ ಮತ್ತು ಅಮೆರಿಕಗಳ ಪ್ರವಾಸ ಕೈಗೊಂಡ ಅವರು ಅಲ್ಲಿನ ಮೋಟಾರು ಉದ್ಯಮವನ್ನು ಅಭ್ಯಾಸ ಮಾಡಿ, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಮುಂದಿಟ್ಟರು. ಮೈಸೂರು ಸಂಸ್ಥಾನದಲ್ಲಿ ಆ ಕಾರ್ಖಾನೆಯನ್ನು ತೆರೆಯುವ ಪ್ರಯತ್ನವೂ ನಡೆಯಿತು. ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಅದಕ್ಕೆ ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಯೋಗವಿತ್ತು. ಡಾಡ್ಜ್, ಫಾರ್ಗೋ ಲಾರಿಗಳ ನೆನಪು ನಿಮಗಿದ್ದರೆ ಅವು ಆ ಮನೆತನದವೇ.

ಊರು ಚದುರಿದ ಬಗೆ

ಕಾರು ಅಗ್ಗವಾದ ಮಾತ್ರಕ್ಕೆ ಜನ ನಡಿಗೆಯನ್ನು ಬಿಡುವುದಿಲ್ಲ. ಅಮೆರಿಕದ ನಗರಗಳಲ್ಲಿಯೂ ಹಿಂದೆ ಟ್ರಾಮ್ ಗಾಡಿಗಳು ಓಡುತ್ತಿದ್ದವು, ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರು. 1920ರ ದಶಕದಲ್ಲಿ ಕಾನೂನುಗಳು ಬದಲಾದವು. ಗುರುತು ಮಾಡಿದ ಜಾಗದಲ್ಲಿ ಮಾತ್ರ ರಸ್ತೆ ದಾಟಬೇಕೆಂಬ ಕಟ್ಟಳೆ ಹಲವು ನಗರಗಳಲ್ಲಿ ಬಂದು, ಬೀದಿ ವಾಹನದ ಪಾಲಾಯಿತು. ಮನೆಗಳ ವಲಯ ಬೇರೆ, ಅಂಗಡಿಗಳ ವಲಯ ಬೇರೆ ಎಂದು ಊರನ್ನು ವಿಂಗಡಿಸುವ ಅಧಿಕಾರವನ್ನು 1926ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಿಮ್ಮ ಮಗಳ ಮನೆಯ ಪಕ್ಕದಲ್ಲಿ ಕಿರಾಣಿ ಅಂಗಡಿ ಇಲ್ಲದಿರುವುದಕ್ಕೆ ಈ ವಿಂಗಡಣೆಯೇ ಮುಖ್ಯ ಕಾರಣ.

ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಮನೆಗಳು ಬೇಕಾದವು. 1947ರಿಂದ ನ್ಯೂಯಾರ್ಕ್ ಸಮೀಪದ ಲೆವಿಟೌನ್ ಎಂಬಲ್ಲಿ ಒಂದೇ ಬಗೆಯ 17,000ಕ್ಕೂ ಹೆಚ್ಚು ಮನೆಗಳು ಕೆಲವೇ ವರ್ಷಗಳಲ್ಲಿ ಎದ್ದವು. ಇಂಥ ಬಡಾವಣೆಗಳು ದೇಶದ ತುಂಬ ಹಬ್ಬಿದವು. ಭದ್ರಾವತಿಯ ನ್ಯೂಟೌನ್ ಕೂಡ ಯೋಜಿಸಿ ಕಟ್ಟಿದ ಊರೇ. ಆದರೆ ಅದು ಕಾರ್ಖಾನೆಗೆ ಹೊಂದಿಕೊಂಡು, ಕೆಲಸಗಾರರು ನಡೆದು ಅಥವಾ ಸೈಕಲ್ ತುಳಿದು ಹೋಗುವ ದೂರದಲ್ಲಿ ಬೆಳೆಯಿತು. ಅಮೆರಿಕದ ಹೊಸ ಬಡಾವಣೆಗಳು ಕೆಲಸದ ಜಾಗದಿಂದ ದೂರದಲ್ಲಿ, ಪ್ರತಿ ಮನೆಗೂ ಕಾರು ಇದ್ದೇ ಇರುತ್ತದೆಂಬ ಲೆಕ್ಕದ ಮೇಲೆ ಬೆಳೆದವು.

ಇದಕ್ಕೆ ಕಳಶವಿಟ್ಟದ್ದು ಹೆದ್ದಾರಿ. 1919ರಲ್ಲಿ ಐಸೆನ್‌ಹೋವರ್ ಎಂಬ ಯುವ ಸೇನಾಧಿಕಾರಿ ಸೈನ್ಯದ ವಾಹನಗಳೊಡನೆ ವಾಷಿಂಗ್ಟನ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೊರಟಾಗ, ಕೆಟ್ಟ ರಸ್ತೆಗಳ ದೆಸೆಯಿಂದ ಆ ಪ್ರಯಾಣಕ್ಕೆ 62 ದಿನಗಳು ಹಿಡಿದವು. ಅದೇ ಐಸೆನ್‌ಹೋವರ್ ಅಧ್ಯಕ್ಷರಾದ ಮೇಲೆ, 1956ರಲ್ಲಿ, 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಯೋಜನೆಗೆ ಸಹಿ ಹಾಕಿದರು. ಅದರ ವೆಚ್ಚದಲ್ಲಿ ಶೇಕಡಾ 90 ಭಾಗವನ್ನು ಕೇಂದ್ರ ಸರ್ಕಾರವೇ ಹೊತ್ತಿತು. ಹೆದ್ದಾರಿಗಳು ನಗರಗಳ ನಡುವೆಯೇ ಹಾದುಹೋದಾಗ ಎಷ್ಟೋ ಬಡವರ ಕೇರಿಗಳು, ಅದರಲ್ಲೂ ಕಪ್ಪು ಜನರ ಕೇರಿಗಳು, ನೆಲಸಮವಾದವು. ಕಾರಿನ ಸೌಖ್ಯಕ್ಕೆ ಬೆಲೆ ತೆತ್ತವರೂ ಇದ್ದಾರೆಂಬುದನ್ನು ಮರೆಯಬಾರದು.

ಅಲ್ಲಿ ಗಮನಿಸಬೇಕಾದದ್ದು

ವಾಹನಗಳು ರಸ್ತೆಯ ಬಲಗಡೆ ಸಾಗುತ್ತವೆ. ಆದ್ದರಿಂದ ರಸ್ತೆಗೆ ಇಳಿಯುವಾಗ ಮೊದಲು ಎಡಕ್ಕೆ ನೋಡಿ. ಕೆಂಪು ದೀಪವಿದ್ದರೂ, ಒಮ್ಮೆ ನಿಂತು ನೋಡಿ ಬಲಕ್ಕೆ ತಿರುಗಲು ಅಲ್ಲಿ ಹೆಚ್ಚಿನ ಕಡೆ ಅನುಮತಿ ಇದೆ. ನಡೆಯುವವರ ದೀಪ ಬೆಳಗಿದಾಗಲೂ ತಿರುಗುವ ಕಾರುಗಳ ಮೇಲೆ ಕಣ್ಣಿರಲಿ.

ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಾರಿನಲ್ಲಿ ಹೋಗುವಂತಿಲ್ಲ. ಎಲ್ಲ ರಾಜ್ಯಗಳಲ್ಲಿಯೂ ಚಿಕ್ಕ ಮಕ್ಕಳಿಗೆ ಪ್ರತ್ಯೇಕ ಆಸನ ಕಡ್ಡಾಯ. ಮಗು ಎಷ್ಟೇ ಅತ್ತರೂ ಬಿಚ್ಚಿ ಎತ್ತಿಕೊಳ್ಳಬೇಡಿ. ಐದು ನಿಮಿಷಕ್ಕೆಂದು ಮಗುವನ್ನು ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಬಿಸಿಲಿನಲ್ಲಿ ಅದು ಪ್ರಾಣಾಪಾಯ.

ಪೊಲೀಸರು ಕಾರು ನಿಲ್ಲಿಸಿದರೆ, ನಮ್ಮಲ್ಲಿಯಂತೆ ಇಳಿದು ಮಾತನಾಡಿಸಲು ಹೋಗಬೇಡಿ. ಕುಳಿತಲ್ಲೇ ಕುಳಿತು, ಕೈಗಳು ಅವರಿಗೆ ಕಾಣುವಂತೆ ಇಟ್ಟುಕೊಳ್ಳಿ. ಹಳದಿ ಶಾಲಾ ಬಸ್ಸಿನ ಕೆಂಪು ದೀಪ ಮಿನುಗಿದರೆ ಹಿಂದಿನ ವಾಹನಗಳಷ್ಟೇ ಅಲ್ಲ, ಸಾಮಾನ್ಯವಾಗಿ ಎದುರಿನಿಂದ ಬರುವವೂ ನಿಲ್ಲಬೇಕು. ಅಲ್ಲಿ 'ಗ್ಯಾಸ್' ಹಾಕಿಸಬೇಕು ಎಂದರೆ ಪೆಟ್ರೋಲ್ ಎಂದರ್ಥ, ಗಾಬರಿಯಾಗಬೇಡಿ. ನೀವೇ ಕಾರು ಓಡಿಸುವ ಯೋಚನೆ ಇದ್ದರೆ, ಹೊರಡುವ ಮೊದಲೇ ನಮ್ಮ ಸಾರಿಗೆ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಆ ರಾಜ್ಯದ ನಿಯಮವನ್ನೂ ವಿಮೆಯ ವಿಷಯವನ್ನೂ ಮಕ್ಕಳಿಂದ ತಿಳಿದುಕೊಳ್ಳಿ.

ಹೊರಡುವ ಮುನ್ನ ಒಂದು ಮಾತು

ಎಲ್ಲ ಊರೂ ಒಂದೇ ಬಗೆಯಲ್ಲ. ನ್ಯೂಯಾರ್ಕ್, ಷಿಕಾಗೊ, ಬಾಸ್ಟನ್‌ಗಳಂಥ ನಗರಗಳಲ್ಲಿ ರೈಲು, ಬಸ್ಸುಗಳಲ್ಲೇ ಸುತ್ತಾಡಬಹುದು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ಮಕ್ಕಳನ್ನು ಮೂರು ಪ್ರಶ್ನೆ ಕೇಳಿ. ಮನೆಯಿಂದ ನಡೆದು ಹೋಗಬಹುದಾದ ಉದ್ಯಾನವೋ ಗ್ರಂಥಾಲಯವೋ ಇದೆಯೇ? ಹಿರಿಯರಿಗಾಗಿ ಆ ಊರಿನಲ್ಲಿ ವಾಹನದ ವ್ಯವಸ್ಥೆ ಇದೆಯೇ? ವಾರದಲ್ಲಿ ಯಾವ ದಿನಗಳಲ್ಲಿ ನಮ್ಮನ್ನು ಹೊರಗೆ ಕರೆದೊಯ್ಯಲು ಸಾಧ್ಯ? ಮೊದಲೇ ಮಾತಾಡಿಕೊಂಡರೆ ಆಮೇಲೆ ಮುನಿಸಿಗೆ ಎಡೆ ಇರುವುದಿಲ್ಲ. "ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ" ಎಂದು ಮಗನ ಮೇಲೆ ಬರುವ ಕೋಪದಲ್ಲಿ ಅರ್ಧ ಪಾಲು ಆ ಊರಿನ ರಚನೆಗೆ ಸಲ್ಲಬೇಕಾದದ್ದು.

ಹೋಗಿಬಂದ ಮೇಲೆ ನಮ್ಮ ಊರನ್ನೂ ಒಮ್ಮೆ ಹೊಸ ಕಣ್ಣಿನಿಂದ ನೋಡಿ. ಶಿವಮೊಗ್ಗದ ಸುತ್ತ ಹೊಸ ಬಡಾವಣೆಗಳು ಏಳುತ್ತಿವೆ. ಅಲ್ಲಿ ನಿವೇಶನ ಕೊಳ್ಳುವಾಗ ರಸ್ತೆಯ ಅಗಲವನ್ನು ಎಲ್ಲರೂ ವಿಚಾರಿಸುತ್ತೇವೆ. ಬಸ್ಸು ಬರುವುದೇ, ಅಜ್ಜಿಯೊಬ್ಬರು ನಡೆದು ಹೋಗಿ ಹಾಲು ತರಬಹುದೇ ಎಂಬುದನ್ನೂ ವಿಚಾರಿಸುವುದು ಒಳ್ಳೆಯದು.

ನಿಮ್ಮ ಪ್ರಯಾಣ ಸುಖಕರವಾಗಲಿ.