ಹೊರಡಲೊಲ್ಲದ ಕಾರು

ಮಳೆಗಾಲದ ಮುಂಜಾವಿನಲ್ಲಿ ಕಾರು ಹೊರಡಲೊಲ್ಲದೆ ಹಟ ಹಿಡಿದು ನಿಂತರೆ ಅದರ ಸುತ್ತ ನೆರೆಯುವ ವೈದ್ಯರಿಗೆ ಬರವಿಲ್ಲ. ಬ್ಯಾಟರಿಯ ಆಯುಸ್ಸು ಮುಗಿಯಿತೆಂದು ಒಬ್ಬರು ತೀರ್ಪು ಕೊಡುತ್ತಾರೆ. ಪ್ಲಗ್ಗುಗಳನ್ನೆಲ್ಲ ಬದಲಾಯಿಸಬೇಕೆಂದು ಇನ್ನೊಬ್ಬರು. ಇದನ್ನು ನಂಬಿದ ಗೃಹಸ್ಥ ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿ ಕೂರಿಸಿ, ಮರುವಾರವೇ ಅದೇ ಹಟವನ್ನು ಮತ್ತೆ ಕಾಣುವುದುಂಟು. ರೋಗವಿದ್ದುದು ಬ್ಯಾಟರಿಯಲ್ಲಲ್ಲ, ಎಂಜಿನ್ನನ್ನು ಗಾಡಿಯ ಮೈಗೆ ಬಂಧಿಸುವ ಪಟ್ಟಿಯ ಸಡಿಲ ಬೋಲ್ಟಿನಲ್ಲಿ!

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬೀಗದ ಕೈ ತಿರುಗಿಸಿದಾಗ ಎಂಜಿನ್ ತಿರುಗುವುದೋ ಇಲ್ಲವೋ? ತಿರುಗದಿದ್ದರೆ ಬ್ಯಾಟರಿ, ಸ್ಟಾರ್ಟರು, ಇವನ್ನು ಕೂಡಿಸುವ ತಂತಿಗಳ ಮೇಲೆ ಸಂಶಯ. ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿಯನ್ನೋ ಪೆಟ್ರೋಲನ್ನೋ ಹುಡುಕಬೇಕು. ಹೆಡ್‌ಲೈಟು ಹಚ್ಚಿಟ್ಟು ಸ್ಟಾರ್ಟ್ ಮಾಡಿ ನೋಡುವುದು ಹಳೆಯ ಉಪಾಯ. ದೀಪ ನಂದುವಷ್ಟು ಮಂಕಾದರೆ ಬ್ಯಾಟರಿ ಬಡವಾಗಿದೆ, ಇಲ್ಲವೆ ಅದರ ತುದಿಗಳಿಗೆ ಕಿಲುಬು ಹತ್ತಿದೆ. ದೀಪ ಎಳ್ಳಷ್ಟೂ ಕುಗ್ಗದಿದ್ದರೆ ವಿದ್ಯುತ್ತು ಸ್ಟಾರ್ಟರನ್ನು ಮುಟ್ಟಿಯೇ ಇಲ್ಲ.

ವೋಲ್ಟ್ ಮೀಟರು ಇದ್ದರೆ ಊಹೆಗೆ ಎಡೆಯಿಲ್ಲ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರುತ್ತದೆ, 12.2ಕ್ಕೆ ಇಳಿದರೆ ಅರ್ಧ ಬರಿದಾಯಿತೆಂದೇ ತಿಳಿಯಬೇಕು. ಎಂಜಿನ್ ಓಡುವಾಗ 14ರ ಆಸುಪಾಸಿಗೆ ಏರದೆ 12ರಲ್ಲಿಯೇ ನಿಂತರೆ ಬ್ಯಾಟರಿಗೆ ಊಟವಿಕ್ಕುವ ಯಂತ್ರವೇ ಉಪವಾಸ ಹೂಡಿದೆ ಎಂದರ್ಥ. ಇನ್ನೊಂದು ಪರೀಕ್ಷೆಯಿದೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಧ್ರುವಕ್ಕೂ ಮತ್ತೊಂದನ್ನು ಎಂಜಿನ್ನಿನ ಲೋಹಕ್ಕೂ ತಾಗಿಸಿ ಸ್ಟಾರ್ಟರನ್ನು ತಿರುಗಿಸಬೇಕು. ಮುಳ್ಳು ಅರ್ಧ ವೋಲ್ಟನ್ನು ದಾಟಿದರೆ ಮೇಲೆ ಹೇಳಿದ ಬೋಲ್ಟಿನಂಥ ದೋಷವೇ ಕಾರಣ. ಹೊಸ ಬ್ಯಾಟರಿಯ ಖರ್ಚನ್ನು ಉಳಿಸುವ ಪರೀಕ್ಷೆ ಇದೇ. ಮಾಡುವವರು ಮಾತ್ರ ವಿರಳ.

ಕಿಡಿಯ ಕಥೆ ಇನ್ನೂ ಸ್ವಾರಸ್ಯವಾದುದು. ಕೈಯಿಂದ ಹ್ಯಾಂಡಲ್ ತಿರುವಿ ಮೂಳೆ ಮುರಿದುಕೊಳ್ಳುತ್ತಿದ್ದ ಕಾಲದಲ್ಲಿ, 1912ರ ಕ್ಯಾಡಿಲಾಕ್ ಕಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ. ಬ್ಯಾಟರಿಯ ಅಲ್ಪ ಶಕ್ತಿಯನ್ನು ಕಾಯಿಲ್ಲಿನ ಮೂಲಕ ಸಾವಿರಾರು ವೋಲ್ಟುಗಳಿಗೆ ಏರಿಸುವ ಅವನ ವಿಧಾನ ಹಲವು ದಶಕ ಲೋಕವನ್ನಾಳಿತು. ನಾಲ್ಕು ಸಿಲಿಂಡರುಗಳ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಕಿಡಿ ಹಾರಬೇಕು! ಹಳೆಯ ಅಂಬಾಸಡರಿನಲ್ಲಿ ಇದನ್ನೆಲ್ಲ ನಡೆಸುತ್ತಿದ್ದುದು ಡಿಸ್ಟ್ರಿಬ್ಯೂಟರಿನೊಳಗೆ 0.4 ಮಿಲಿಮೀಟರಿನಷ್ಟು ತೆರೆದು ಮುಚ್ಚುವ ಎರಡು ಪುಟ್ಟ ಪಾಯಿಂಟುಗಳು. ಅವು ಸುಟ್ಟು ಕುಳಿಬಿದ್ದಿದ್ದರೆ ಪಕ್ಕದ ಕಂಡೆನ್ಸರನ್ನೂ ಸಂಶಯಿಸಬೇಕು. ಪ್ಲಗ್ಗನ್ನು ಬಿಚ್ಚಿ ಅದರ ಮೈಯನ್ನು ಎಂಜಿನ್ನಿಗೆ ತಾಗಿಸಿಟ್ಟು ತಿರುಗಿಸಿದಾಗ ಚಟಪಟನೆ ನೀಲಿ ಕಿಡಿ ಹಾರಿದರೆ ಆರೋಗ್ಯ. ಸಣಕಲಾದ ಹಳದಿ ಕಿಡಿ ನಿಶ್ಶಕ್ತಿಯ ಲಕ್ಷಣ. ಸುತ್ತ ಪೆಟ್ರೋಲಿನ ವಾಸನೆಯಿದ್ದರೆ ಈ ಸಾಹಸ ಸಲ್ಲದು. ಮಳೆಯಲ್ಲಿ ಕೆಟ್ಟ ಗಾಡಿಗೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸುವುದೇ ಎಷ್ಟೋ ಸಲ ಔಷಧ. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಹೊದಿಕೆ ಜೀರ್ಣವಾದ ತಂತಿಗಳ ಮೇಲೆ ನೀಲಿ ಬೆಳಕು ಮಿನುಗುವುದೂ ಉಂಟು. (ಬೆಂಗಳೂರಿಗರಿಗೆ ಪ್ಲಗ್ ಪರಕೀಯವಲ್ಲ: 1951ರಲ್ಲಿ ಸ್ಥಾಪಿತವಾದ ‘ಮೈಕೋ’ ಸಂಸ್ಥೆಯ ಆಡುಗೋಡಿಯ ಕಾರ್ಖಾನೆ ಈ ಪ್ಲಗ್ಗುಗಳಿಗೆ ಹೆಸರಾಗಿತ್ತು.)

ಇಂದಿನ ಕಾರುಗಳಲ್ಲಿ ಪಾಯಿಂಟುಗಳಿಲ್ಲ. ಅನೇಕ ಕಾರುಗಳಲ್ಲಿ ಪ್ಲಗ್ಗಿಗೊಂದು ಕಾಯಿಲ್. ಅದರ ವೋಲ್ಟೇಜು ಮೂವತ್ತು ಸಾವಿರವನ್ನೂ ಮೀರಬಹುದಾದ್ದರಿಂದ ತಂತಿ ಎಳೆದು ಕಿಡಿ ನೋಡುವ ಹಳೆಯ ಚಾಳಿ ಇಲ್ಲಿ ಕೈಗೂ ಕೇಡು, ಯಂತ್ರಕ್ಕೂ ಕೇಡು. ಬದಲಿಗೆ ಗಾಡಿಯ ಗಣಕವೇ ದೂರನ್ನು ಸಂಕೇತವಾಗಿ ಹೇಳುತ್ತದೆ. ‘ಪಿ0301’ ಎಂದರೆ ಮೊದಲನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತುತ್ತಿಲ್ಲ. ಏಕೆ ಎಂಬುದನ್ನು ಅದು ಹೇಳದು. ಸಂಕೇತ ಕಂಡೊಡನೆ ಕಾಯಿಲ್ ಕೊಳ್ಳಲು ಓಡುವುದು ಅವಸರ. ಎಂಜಿನ್ ನಿಲ್ಲಿಸಿ, ಒಂದನೆಯ ಕಾಯಿಲ್ಲನ್ನು ಮೂರನೆಯದರೊಡನೆ ಅದಲುಬದಲು ಮಾಡಬೇಕು. ಸಂಕೇತವೂ ‘ಪಿ0303’ಕ್ಕೆ ಜಿಗಿದರೆ ಕಳ್ಳ ಸಿಕ್ಕಂತೆ. ಜಿಗಿಯದಿದ್ದರೆ ಪ್ಲಗ್ಗುಗಳನ್ನೂ ಹಾಗೆಯೇ ಬದಲಿಸಿ ನೋಡಬೇಕು. ಆಗಲೂ ದೂರು ಒಂದರಲ್ಲಿಯೇ ಉಳಿದರೆ ಇಂಧನ ಚಿಮ್ಮುವ ಇಂಜೆಕ್ಟರನ್ನೋ ಸಿಲಿಂಡರಿನ ಒತ್ತಡವನ್ನೋ ಅಳೆಯಬೇಕಾಗುತ್ತದೆ; ಅದು ವರ್ಕ್‌ಷಾಪಿನ ಕೆಲಸ.